ಎದುರಂಗಡಿಯವನ ಅಂತಿಮ ಯುದ್ಧ

ಹೋದ ವಾರ ಕಡೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ವಾಸನೆ ಬಂತು. ಒಳ್ಳೆಯ ವಾಸನೆಯೇ, ಎಷ್ಟೋ ಜನರಿಗೆ ಇಷ್ಟವಾಗುತ್ತದೆ. ನನಗೆ ಮಾತ್ರ ಬಾಯಿ ಕಹಿಯಾಯಿತು. ಅಜ್ಜಂಪುರದಲ್ಲಿ ನನ್ನ ಹಿಟ್ಟಿನ ಗಿರಣಿಯ ಎದುರಿಗೆ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯನ ಮೈಮೇಲೆ ಸದಾ ಇದೇ ವಾಸನೆ ಇರುತ್ತಿತ್ತು.

ಅವನು ಹೋದ ವರ್ಷ ತೀರಿಕೊಂಡ. ನಮಗೆಲ್ಲ ಒಟ್ಟಿಗೇ ಒಂದು ದೊಡ್ಡ ಸಾವು ಬರುತ್ತದೆ, ಆಕಾಶದಿಂದ ಬೆಂಕಿ ಸುರಿಯುತ್ತದೆ ಎಂದು ಜೀವನವಿಡೀ ಸಾರಿದವನು ಒಬ್ಬನೇ ತನ್ನ ಮನೆಯ ಬಚ್ಚಲಲ್ಲಿ, ಸೋಪಿನ ನೀರಿನ ಮೇಲೆ ಜಾರಿ ಬಿದ್ದು ಸತ್ತ. ಶಿವಗಣಾರಾಧನೆಯ ದಿನ, ಎದುರು ಬದುರು ಇದ್ದವರು ನೀವು, ಅವನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಅವನ ಮನೆಯವರು ಕೇಳಿದರು. ಗಂಟಲು ಸರಿಯಿಲ್ಲ ಎಂದೆ. ಅಂದು ಹೇಳದ ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಒಂದು ದಿನದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಎಲ್ಲ ಮಾಮೂಲಾಗಿದ್ದ ಕೊನೆಯ ದಿನ ಅದು. ನಾನು, ನನ್ನ ಹೆಂಡತಿ ಶಿವಮೊಗ್ಗದ ಆಸ್ಪತ್ರೆಯಿಂದ ವಾಪಸು ಬರುತ್ತಿದ್ದೆವು. ಅವಳ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ಈಗಲೇ ತೆಗೆದರೆ ಏನೂ ತೊಂದರೆಯಿಲ್ಲ, ಬಿಟ್ಟರೆ ನಾನು ಏನೂ ಹೇಳಲಾರೆ ಎಂದು ಡಾಕ್ಟರಮ್ಮ ಹೇಳಿ, ಮುಂದಿನ ಸೋಮವಾರ ಬಂದು ಸೇರಿಕೊಳ್ಳಿ ಎಂದಿದ್ದರು. ಹೆದರಿಕೆ ನನಗಿತ್ತು. ಅವಳಿಗಿರಲಿಲ್ಲ. ತರೀಕೆರೆಯಲ್ಲಿ ರೈಲಿಳಿದು ದೋಸೆ ತಿಂದೆವು. ಆಮೇಲೆ ಆಸ್ಪತ್ರೆಗೆ ಬೇಕಾಗುತ್ತದೆಂದು ಅವಳೊಂದು ನೈಟಿ ಕೊಂಡಳು. ಅದರ ತುಂಬ ತಟ್ಟೆಯಗಲದ ಹೂವುಗಳಿದ್ದವು.

“ಇಷ್ಟು ದೊಡ್ಡ ಹೂವಿಂದಾ?” ಎಂದೆ.

“ಇರ್ಲಿ ಬಿಡ್ರೀ. ನೋಡಕ್ ಬರೋರು ಹೂವು ತರೋ ಖರ್ಚಾದ್ರೂ ಉಳೀತದೆ” ಎಂದಳು.

ಅಜ್ಜಂಪುರದ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ನಡುವೆ ಎಚ್ಚರವಾದಾಗ, “ಮಿಲ್ಲಿಗೆ ಬೀಗ ಹಾಕಿದ್ರೋ, ಇಲಿಗಳಿಗೇ ಕೀ ಕೊಟ್ ಬಂದ್ರೋ?” ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದಳು. ಅವಳ ಮಾತೇ ಹಾಗೆ. ಮದುವೆಯಾದ ವಾರಕ್ಕೇ ನಮ್ಮ ತಾಯಿ, ಇವಳ ನಾಲಿಗೆ ನಮ್ಮ ಗಿರಣಿ ಕಲ್ಲಿಗಿಂತ ಸಣ್ಣಗೆ ಅರೆಯುತ್ತದೆ ಎಂದಿದ್ದರು. ಹಾಗೆ ಅಂದದ್ದು ಮೆಚ್ಚಿಕೊಂಡೇ...

ಇನ್ನು ಎದುರಂಗಡಿಯವನ ವಿಷಯ. ಅವನು ನಮ್ಮ ಪೈಕಿಯವನೇ. ಮಠದ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಕೆಲಸ ಬಲ್ಲವನಲ್ಲ. ಅವನ ಹತ್ತಿರ ರಿಪೇರಿಗೆ ಹೋದ ಟೀವಿ ಬಣ್ಣ ಕಳೆದುಕೊಂಡು ಬರುತ್ತಿತ್ತು, ರೇಡಿಯೊ ಬಂದರೆ ಒಂದೇ ಸ್ಟೇಷನ್ ಹಿಡಿಯುತ್ತಿತ್ತು. ಆದರೆ ಲೋಕದ ರಿಪೇರಿ ಆಗುವುದಿಲ್ಲ ಎಂದು ಹೇಳುವುದರಲ್ಲಿ ಅವನಷ್ಟು ಗಟ್ಟಿಗ ಇರಲಿಲ್ಲ. ಎರಡು ಸಾವಿರದ ಇಸವಿ ಹುಟ್ಟುವ ಮೊದಲು, ಕಂಪ್ಯೂಟರುಗಳೆಲ್ಲ ನಿಂತು ವಿಮಾನಗಳು ತಲೆಯ ಮೇಲೆ ಬೀಳುತ್ತವೆ ಎಂದ. ಆಮೇಲೊಮ್ಮೆ ಯಾವುದೋ ಗ್ರಹ ಬಂದು ಭೂಮಿಗೆ ಡಿಕ್ಕಿ ಹೊಡೆಯುತ್ತದೆ ಎಂದ. ಕೊರೊನಾ ಬಂದಾಗಲಂತೂ ಅವನ ಮುಖದಲ್ಲಿ ಕಳೆ ಬಂದಿತ್ತು. ನಾನು ಹೇಳಿರಲಿಲ್ವಾ ಎಂದು ಮಾಸ್ಕ್ ಕೆಳಗೆ ಸರಿಸಿ ಎಲ್ಲರಿಗೂ ಹೇಳುತ್ತಿದ್ದ. ಲೋಕ ಮುಗಿಯುವ ಹೊತ್ತಿಗೆಲ್ಲ ಅವನ ಅಂಗಡಿಯಲ್ಲಿ ಏನಾದರೊಂದು ಮಾರಾಟಕ್ಕೆ ಬಂದಿರುತ್ತಿತ್ತು. ಒಮ್ಮೆ ಬ್ಯಾಟರಿ, ಒಮ್ಮೆ ಎಮರ್ಜೆನ್ಸಿ ಲೈಟು. ಕೊನೆಯ ಸಲ ಇನ್ವರ್ಟರು.

ದಸರೆ ಹತ್ತಿರವಿತ್ತು. ನಾವು ಶಿವಮೊಗ್ಗದಿಂದ ಬಂದ ಮಾರನೆಯ ದಿನ ಟೀವಿಯಲ್ಲಿ ಯುದ್ಧ ಶುರುವಾಗಿತ್ತು. ಎಲ್ಲೋ ದೂರದ ದೇಶ. ಚಾನೆಲ್ಲಿನವರು ಒಂದು ಪದ ಹಿಡಿದುಕೊಂಡಿದ್ದರು. ಅರ್ಮಗೆಡ್ಡಾನ್. ಅದನ್ನು ಕೆಂಪು ಅಕ್ಷರದಲ್ಲಿ ಬರೆದು, ಬೆಂಕಿ ಹಚ್ಚಿ, ಹಿಂದೆ ಡೋಲು ಬಡಿಯುತ್ತಿದ್ದರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡವನೊಬ್ಬ, ಇನ್ನು ಕೆಲವೇ ದಿನ ಎಂದು ಅರಚುತ್ತಿದ್ದ. ನಡುನಡುವೆ ಜಾಹೀರಾತು ಬರುತ್ತಿತ್ತು. ಲೋಕ ಮುಗಿಯುವ ಮುಂಚೆ ಸೀರೆ ಕೊಳ್ಳಿ, ಸೈಟು ಕೊಳ್ಳಿ. ಎದುರಂಗಡಿಯವನು ಇದ್ದುದರಲ್ಲಿ ದೊಡ್ಡ ಟೀವಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಇಟ್ಟ.

ಗಿರಣಿಯಲ್ಲಿ ನಾನು ಒಳಗೆ ಮೋಟಾರಿನ ಹತ್ತಿರ ಇರುತ್ತಿದ್ದೆ. ಅವಳು ಮುಂದೆ ಕೂತು ಡಬ್ಬಿಗಳನ್ನು ಇಳಿಸಿಕೊಳ್ಳುವುದು, ಹಿಟ್ಟು ತುಂಬಿ ಕೊಡುವುದು ಮಾಡುತ್ತಿದ್ದಳು. ಕಲ್ಲು ತಿರುಗುವಾಗ ನನಗೆ ಏನೂ ಕೇಳುವುದಿಲ್ಲ. ಎದುರಂಗಡಿಯವನು ರಸ್ತೆ ದಾಟಿ ಬಂದು ರಾಗಿ ಚೀಲದ ಮೇಲೆ ಕೂತು ಅವಳಿಗೆ ಏನೋ ಹೇಳುವುದು ಹಿಟ್ಟಿನ ಧೂಳಿನ ನಡುವೆ ಕಾಣುತ್ತಿತ್ತು. ಬಾಯಿ ಆಡುತ್ತಿತ್ತು. ಕೈ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಮೊದಲ ದಿನ ಅವಳು ನಗುತ್ತಿದ್ದಳು. ಮೂರನೆಯ ದಿನ ನಗಲಿಲ್ಲ.

ಭಾನುವಾರ ಸಂಜೆ ಚೀಲಕ್ಕೆ ಬಟ್ಟೆ ತುಂಬಬೇಕಾದವಳು ಸುಮ್ಮನೆ ಕೂತಿದ್ದಳು.

“ನಾಳೆ ಬ್ಯಾಡ ಕಣ್ರೀ” ಎಂದಳು. “ಇದೊಂದು ಕಳೀಲಿ.”

“ಯಾವುದು ಕಳೀಬೇಕು?”

“ಯುದ್ಧ. ಎದುರಂಗಡಿ ಅಣ್ಣ ಹೇಳ್ತಿದ್ದ. ಮೊದ್ಲು ಮ್ಯಾಲಿರೋ ಸ್ಯಾಟಲೈಟ್ ಹೊಡೀತಾರಂತೆ. ಒಂದೇ ಸಲಕ್ಕೆ ಎಲ್ಲಾ ಕಡೆ ಕರೆಂಟ್ ಹೋಗ್ತದಂತೆ. ನನ್ನ ಹೊಟ್ಟೆ ಕುಯ್ದಿರ್ತಾರೆ, ಆಗ ಹೋದ್ರೆ?”

“ಆಸ್ಪತ್ರೇಲಿ ಜನರೇಟರ್ ಇರ್ತದೆ ಕಣೇ.”

“ಡೀಸೆಲ್ ಎಷ್ಟೊತ್ತು ಬರ್ತದೆ?”

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಇಷ್ಟು ಹೆದರುತ್ತಿರಲಿಲ್ಲವೇನೋ. ಅವಳು ಗಿರಣಿಯವನ ಹೆಂಡತಿ. ಕರೆಂಟು ಹೋದರೆ ಏನಾಗುತ್ತದೆಂದು ದಿನಾ ನೋಡಿದವಳು. ಕಲ್ಲು ನಡುವಿನಲ್ಲೇ ನಿಂತುಬಿಡುತ್ತದೆ. ಅರ್ಧ ಅರೆದ ಕಾಳು ಒಳಗೇ ಸಿಕ್ಕಿಕೊಳ್ಳುತ್ತದೆ, ಹಿಟ್ಟೂ ಅಲ್ಲ, ಕಾಳೂ ಅಲ್ಲ. ಕರೆಂಟು ಬರುವ ತನಕ ಅದನ್ನು ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಅವಳು ತನ್ನನ್ನು ಆ ಕಾಳಿನ ಹಾಗೆ ಕಂಡುಕೊಂಡಿದ್ದಳು. ಎಲ್ಲರೂ ಸಾಯುವುದಾದರೆ ಮನೆಯಲ್ಲಿ, ನಮ್ಮ ನಮ್ಮ ಚಾಪೆಯ ಮೇಲೆ ಸಾಯೋಣ ಎಂದಳು. ಸೋಮವಾರ ನಾವು ಹೋಗಲಿಲ್ಲ.

ಅಂದೇ ನಾನು ರಸ್ತೆ ದಾಟಿ ಅವನ ಹತ್ತಿರ ಹೋದೆ. ಅವನು ಒಂದು ರಿಮೋಟಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

“ಯಾಕಣ್ಣಾ ಅವಳಿಗೆ ಇಲ್ಲದ್ದೆಲ್ಲ ಹೇಳ್ತೀಯ? ಆಪರೇಷನ್ ಬಿಟ್ಟು ಕೂತವಳೆ.”

“ನಾನೇನ್ ಹೇಳ್ದೆ? ಟೀವೀಲಿ ಬಂದದ್ದು ಹೇಳ್ದೆ. ಅದು ಬೈಬಲ್ ಮಾತು ಕಣಪ್ಪಾ, ನಾನು ಕಟ್ಟಿದ್ದಲ್ಲ. ಅರ್ಮಗೆಡ್ಡಾನ್ ಅಂದ್ರೇನು ಗೊತ್ತಾ ನಿನಗೆ?”

“ಗೊತ್ತಿಲ್ಲ.”

“ಸರ್ವನಾಶ ಅಂತ.” ರಿಮೋಟಿನ ತಿರುಪು ಬಿಗಿ ಮಾಡುತ್ತ, “ನೀನೊಂದು ಇನ್ವರ್ಟರ್ ಹಾಕಿಸ್ಕೊ. ನಮ್ಮೋರ ರೇಟಿಗೇ ಕೊಡ್ತೀನಿ” ಎಂದ.

ಬೈಬಲ್ಲಿನ ಹೊದಿಕೆಯ ಬಣ್ಣವನ್ನೂ ನೋಡಿದವನಲ್ಲ ಅವನು. ನಮ್ಮ ವಚನಗಳನ್ನೂ ಸರಿಯಾಗಿ ಒಂದು ಹೇಳಲಾರ. ಆದರೂ ಹೆದರಿಸಲು ಯಾರ ಮನೆಯ ಪದವಾದರೂ ಅವನಿಗೆ ಆಗುತ್ತಿತ್ತು.

ಒಂದು ವಾರ ಎಂದದ್ದು ಎರಡಾಯಿತು, ತಿಂಗಳಾಯಿತು, ಮತ್ತೆ ಮುಂದಕ್ಕೆ ಹೋಯಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಅವಳು ಬಕೆಟ್ಟುಗಳಿಗೆಲ್ಲ ನೀರು ತುಂಬಿಟ್ಟಳು, ಬೆಂಕಿಪೊಟ್ಟಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಳು. ಹೊಟ್ಟೆನೋವು ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಅದಕ್ಕಿಂತ ನನಗೆ ಕಷ್ಟವಾದದ್ದು ಬೇರೆ. ಅವಳು ನನ್ನನ್ನು ಹಾಸ್ಯ ಮಾಡುವುದನ್ನು ಬಿಟ್ಟಳು. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ನನಗೆ ತಿಳಿದ ಮಾತೆಲ್ಲ ಹೇಳಿ ನೋಡಿದೆ. ಅವಳು ಒಂದೇ ಕೇಳುತ್ತಿದ್ದಳು.

“ಆ ಮಾತಿನ ಅರ್ಥ ನಿಮಗೆ ಗೊತ್ತಾ? ಗೊತ್ತಿಲ್ಲ. ಮತ್ತೆ ಸುಳ್ಳು ಅಂತ ಹೆಂಗೆ ಹೇಳ್ತೀರಿ?”

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೇಳಬೇಕಾದವರನ್ನೇ ಕೇಳೋಣ ಎಂದು ತರೀಕೆರೆಗೆ ಹೋದೆ. ಅಲ್ಲಿ ಕೆಲಸದಿಂದ ನಿವೃತ್ತರಾದ ಪಾದ್ರಿಯೊಬ್ಬರಿದ್ದರು. ಹಿಂದೆ ಅಜ್ಜಂಪುರದಲ್ಲಿದ್ದಾಗ ನಮ್ಮ ಗಿರಣಿಗೆ ಗೋಧಿ ತರುತ್ತಿದ್ದರು. ಸಿಡುಕಿನ ಮನುಷ್ಯ. ಹಿಟ್ಟು ಸ್ವಲ್ಪ ತರಿಯಾದರೂ ಬೈಯುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ಪುಸ್ತಕದ ಮಾತು ನಿಮ್ಮ ಟೀವಿ ರಿಪೇರಿಯವನ ಬಾಯಿಗೂ ಬಿತ್ತಾ?” ಎಂದರು. “ಕೂತ್ಕೊ. ಕೇಳು. ಬೈಬಲ್ಲಿನಲ್ಲಿ ಆ ಮಾತು ಬರೋದು ಒಂದೇ ಒಂದು ಸಲ. ಕೊನೇ ಭಾಗದಲ್ಲಿ. ಕನ್ನಡದಲ್ಲಿ ಹರ್ಮಗೆದೋನ್ ಅಂತಿದೆ. ಅದು ನಾಶ ಅನ್ನೋದಕ್ಕೆ ಇರೋ ಹೆಸರಲ್ಲ. ಜಾಗದ ಹೆಸರು. ಇಬ್ರಿಯ ಭಾಷೇಲಿ ಹರ್ ಅಂದ್ರೆ ಬೆಟ್ಟ. ಮೆಗಿದ್ದೋ ಅಂತ ಒಂದು ಊರು. ಮೆಗಿದ್ದೋ ಬೆಟ್ಟ. ಅಷ್ಟೇ.”

“ಊರಾ?” ಎಂದೆ.

“ಊರೇ ಕಣಪ್ಪಾ. ನಾನು ನೋಡ್ಕೊಂಡ್ ಬಂದಿದೀನಿ. ಯಾತ್ರೆಗೆ ಹೋದಾಗ ನಮ್ಮ ಬಸ್ಸು ಅಲ್ಲಿ ನಿಲ್ಲಿಸಿದ್ರು. ಬೆಟ್ಟ ಅಂತಾರೆ, ನಮ್ಮ ಕೆಮ್ಮಣ್ಣುಗುಂಡಿ ನೋಡಿದೋರಿಗೆ ಅದು ಬೆಟ್ಟ ಅಲ್ಲ, ದಿಬ್ಬ. ಟಿಕೆಟ್ ತಗೊಂಡು ಹತ್ತಬೇಕು. ಕೆಳಗೆ ಜ್ಯೂಸ್ ಅಂಗಡಿ ಇದೆ.”

ಅಷ್ಟು ಸಣ್ಣ ದಿಬ್ಬಕ್ಕೆ ಇಷ್ಟು ದೊಡ್ಡ ಹೆಸರು ಹೇಗೆ ಬಂತು ಎಂದು ಕೇಳಿದೆ. ಅವರು ಬೆರಳಿನಿಂದ ಮೇಜಿನ ಮೇಲೆ ದಾರಿ ಎಳೆದು ತೋರಿಸಿದರು. ಒಂದು ಕಡೆ ಐಗುಪ್ತ, ಅಂದರೆ ಈಜಿಪ್ಟು, ಇನ್ನೊಂದು ಕಡೆ ದೊಡ್ಡ ದೊಡ್ಡ ರಾಜ್ಯಗಳು. ನಡುವೆ ಗುಡ್ಡದ ಸಾಲು. ಸಾಲನ್ನು ದಾಟಲು ಒಂದು ಇಕ್ಕಟ್ಟಾದ ದಾರಿ, ಆ ದಾರಿಯ ಬಾಯಿಯಲ್ಲಿ ಈ ಊರು. “ನಮ್ಮ ಕಡೂರು ಇದ್ದ ಹಾಗೆ. ಯಾವ ಕಡೆ ಹೋಗೋನೂ ಅಲ್ಲಿ ಹಾದೇ ಹೋಗಬೇಕು. ಕಡೂರಿನಲ್ಲಿ ಬಸ್ಸಿಗೆ ಹೊಡೆದಾಡ್ತಾರೆ. ಅಲ್ಲಿ ರಾಜರು ಹೊಡೆದಾಡಿದ್ರು.” ಊರು ಹಾಳಾಗುತ್ತಿತ್ತಂತೆ, ಹಾಳಿನ ಮೇಲೆ ಮತ್ತೆ ಊರು ಕಟ್ಟುತ್ತಿದ್ದರಂತೆ. ಅಗೆದವರಿಗೆ ಇಪ್ಪತ್ತಕ್ಕೂ ಹೆಚ್ಚು ಪದರ ಸಿಕ್ಕಿವೆಯಂತೆ. ಆ ದಿಬ್ಬವೇ ಹಾಗೆ ಎದ್ದದ್ದು. ಒಬ್ಬ ಒಳ್ಳೆಯ ರಾಜ ಅಲ್ಲಿ ಯುದ್ಧದಲ್ಲಿ ಸತ್ತದ್ದನ್ನು ಆ ಜನ ಬಹಳ ಕಾಲ ಅತ್ತುಕೊಂಡರಂತೆ. ಹಾಗಾಗಿ ಮುಂದೆ ಯಾರೋ ದೊಡ್ಡ ಯುದ್ಧವನ್ನು ಬರೆಯಬೇಕಾದಾಗ, ಕೇಳಿದವರಿಗೆ ತಟ್ಟಲಿ ಎಂದು ಆ ಜಾಗದ ಹೆಸರು ಬರೆದರು. ಅದು ಆ ಊರೇ ಅಲ್ಲ, ಸಭೆ ಸೇರುವ ಬೆಟ್ಟ ಎಂದು ಹೇಳುವ ಪಂಡಿತರೂ ಇದ್ದಾರೆ ಎಂದರು.

“ಅಲ್ಲೂ ಏನಿದೆ ಅಂದ್ರೆ, ರಾಜರನ್ನೆಲ್ಲ ಆ ಜಾಗದಲ್ಲಿ ಸೇರಿಸಿದ್ರು ಅಂತಷ್ಟೇ. ಇಂಥಾ ದಿನ, ಇಂಥಾ ವಾರ ಅಂತ ಎಲ್ಲೂ ಇಲ್ಲ. ನಂಬೋರಿಗೆ ಅದು ದೇವರ ನ್ಯಾಯದ ಮಾತು. ಇವನಿಗೆ ಇನ್ವರ್ಟರ್ ಮಾರೋ ಮಾತು.” ಬಾಗಿಲ ತನಕ ಬಂದವರು, “ನಿನ್ನ ಹೆಂಡತೀನ ಮೊದ್ಲು ಆಸ್ಪತ್ರೆಗೆ ಕರ್ಕೊಂಡ್ ಹೋಗಯ್ಯಾ” ಎಂದು ಬೈದರು.

ಮನೆಗೆ ಬಂದು ಕೇಳಿದ್ದನ್ನು ಕೇಳಿದ ಹಾಗೆ ಅವಳಿಗೆ ಹೇಳಿದೆ.

“ಅಂದ್ರೆ ನಮ್ಮ ಹಾಳೂರು ಇದ್ದಂಗಾ?” ಎಂದಳು.

ಅವಳ ತವರು ತರೀಕೆರೆಗೂ ಅಜ್ಜಂಪುರಕ್ಕೂ ನಡುವಿನ ಒಂದು ಸಣ್ಣ ಊರು. ಈಗಿನ ಊರು ಆಮೇಲೆ ಕಟ್ಟಿದ್ದು. ಹಳೆಯ ಊರು ಅರ್ಧ ಮೈಲಿ ಆಚೆ ಇತ್ತು. ಪ್ಲೇಗು ಬಂದು ಜನ ಬಿಟ್ಟು ಬಂದರು. ಅಲ್ಲಿ ಈಗ ಒಂದು ದಿಬ್ಬ, ಕಲ್ಲಿನ ಬಸವಣ್ಣ, ಕಾಲಿಗೆ ಸಿಗುವ ಮಡಕೆಯ ಚೂರು. ಸರ್ಕಾರದ ದಾಖಲೆಯಲ್ಲಿ ಅದಕ್ಕೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ದೀಪವಿಲ್ಲದ ಊರು ಎಂದು ಅರ್ಥ. ಆದರೆ ಕಾರ್ತಿಕದ ಕೊನೆಯ ಸೋಮವಾರ ಆ ಊರಿನವರೆಲ್ಲ ಅಲ್ಲಿಗೆ ಹೋಗುತ್ತಾರೆ. ನಮ್ಮ ಮನೆ ಇಲ್ಲಿತ್ತು, ನಮ್ಮ ಒಲೆ ಇಲ್ಲಿತ್ತು ಎಂದು ಹಿರಿಯರು ತೋರಿಸಿದ ಜಾಗದಲ್ಲಿ ಒಂದೊಂದು ಮನೆಯವರು ಒಂದೊಂದು ಹಣತೆ ಹಚ್ಚಿಟ್ಟು, ಅಲ್ಲೇ ಅಡಿಗೆ ಮಾಡಿ ಉಂಡು ಬರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಬರಬೇಕು.

“ಹಂಗೇ ಅಂತೆ” ಎಂದೆ.

“ನಮ್ಮ ಮುತ್ತಜ್ಜಿ ಕಾಲದಲ್ಲಿ ಅಲ್ಲಿ ಮನೆಗೊಂದು ಹೆಣ ಬಿದ್ದಿತ್ತಂತೆ. ಲೋಕವೇ ಮುಗೀತು ಅಂತ ಅವ್ರೂ ಅಂದ್ಕೊಂಡಿದ್ರಂತೆ” ಎಂದಳು. “ಆ ದಿಬ್ಬಕ್ಕೆ ಟಿಕೆಟ್ ಬೇರೆ ಇಟ್ಟವ್ರಾ?” ಎಂದು ನಕ್ಕಳು. ಆ ನಗು ಕೇಳಿ ಎಷ್ಟು ವಾರಗಳಾಗಿದ್ದವೋ... ಈ ಸಲ ದೀಪ ಹಚ್ಚಿ ಬಂದ ಮಾರನೆಯ ದಿನವೇ ಶಿವಮೊಗ್ಗಕ್ಕೆ ಹೋಗೋಣ ಎಂದಳು. ಕಾರ್ತಿಕ ಸೋಮವಾರಕ್ಕೆ ನಾಲ್ಕೇ ದಿನ ಇತ್ತು.

ಆ ನಾಲ್ಕು ದಿನದ ನಡುವೆ ಒಂದು ಬೆಳಿಗ್ಗೆ ಎದುರಂಗಡಿಯವನು ಎರಡು ಚೀಲ ಉದ್ದಿನಬೇಳೆ ಹೊರಿಸಿಕೊಂಡು ಬಂದ. ಹಪ್ಪಳಕ್ಕೆ ಅರೆಯಬೇಕು, ನುಣ್ಣಗೆ ಬರಲಿ ಎಂದ. ಮಾಘದಲ್ಲಿ ಮಗಳ ಮದುವೆಯಂತೆ. ಕಡೂರಿನಲ್ಲಿ ಕಲ್ಯಾಣ ಮಂಟಪಕ್ಕೆ ಮುಂಗಾರಿನಲ್ಲೇ ಹೇಳಿಟ್ಟಿದ್ದನಂತೆ. ಅಂದರೆ ಲೋಕಕ್ಕೆ ಇನ್ನು ಕೆಲವೇ ದಿನ ಎಂದು ನನ್ನ ಹೆಂಡತಿಗೆ ಹೇಳುವಾಗ ಅವನ ಮಗಳ ಮದುವೆ ಊಟದ ಎಲೆಯ ಲೆಕ್ಕ ಆಗಿಹೋಗಿತ್ತು. ನಾನಿನ್ನೂ ಮೋಟಾರು ಹಾಕಿರಲಿಲ್ಲ, ಆದ್ದರಿಂದ ಅವತ್ತಿನ ಮಾತು ಪೂರ್ತಿ ಕೇಳಿಸಿತು.

ಅವಳು ಬೇಳೆಯಲ್ಲಿ ಕೈ ಆಡಿಸುತ್ತ, “ಅಣ್ಣಾ, ಈ ಹಪ್ಪಳ ಕರಿಯೋದು ಯುದ್ಧಕ್ಕೆ ಮುಂಚೇನೋ, ಆಮೇಲೋ?” ಎಂದಳು.

“ಅದು ಬ್ಯಾರೆ ಕಣಮ್ಮಾ, ಇದು ಬ್ಯಾರೆ.”

“ಅಲ್ಲಾ, ಆಮೇಲೆ ಅಂದ್ರೆ ಎಣ್ಣೆ ಉಳೀತದೆ. ಹೊರಗಿಟ್ರೆ ಮ್ಯಾಲಿಂದ ಸುರಿಯೋ ಬೆಂಕೀಗೆ ತಾನೇ ಅರಳ್ತದೆ.”

“ನೀನು ಎಲ್ಲಾದಕ್ಕೂ ಆಡ್ಕೊಂತೀಯ, ತಂಗೀ.”

“ಆಡ್ಕೊಳ್ದೆ ಇನ್ನೇನ್ ಮಾಡ್ಲಿ? ಹೊಟ್ಟೇಲಿ ಗಡ್ಡೆ ಇಟ್ಕೊಂಡು ಕಾಯ್ತಾ ಕೂತ್ಕೊ ಅಂದೆ ನನಗೆ. ನಿನ್ನ ಮಗಳ ಮದುವೆ ಮಾತ್ರ ಕಾಯಕ್ಕಿಲ್ಲ.”

ಅವನು ಚೀಲದ ಬಾಯಿ ಬಿಚ್ಚಿ ಬೇಳೆ ಒಳ್ಳೆಯದಿದೆ ನೋಡು ಎಂದು ನನಗೆ ತೋರಿಸಿದ. ನಾಚಿಕೆಯಾಗಿರಬಹುದು ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ತಾನು ಹೇಳಿದ್ದನ್ನು ಯಾರಾದರೂ ನಿಜವೆಂದು ತಿಳಿದು ಬದುಕನ್ನು ನಿಲ್ಲಿಸಿಬಿಡುತ್ತಾರೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಸರ್ವನಾಶ ಅವನಿಗೆ ಸಂಜೆಯ ಕಾಫಿಯ ಜೊತೆಗೆ ಬೇಕಾದ ಒಂದು ರುಚಿ. ಟೀವಿಯ ಕೋಟಿನವನಿಗೂ ಅಷ್ಟೇ. ಬೆಂಕಿಯ ಅಕ್ಷರದ ಹಿಂದೆ ಡೋಲು ಬಡಿದವನಿಗೂ ಅಷ್ಟೇ. ಅವರೆಲ್ಲ ಮಕ್ಕಳ ಫೀಸು ಕಟ್ಟಿ, ಹಲ್ಲು ಕ್ಲೀನ್ ಮಾಡಿಸಿಕೊಂಡು, ವಿಮೆ ಮಾಡಿಸಿ ಬಂದು ನಮಗೆ ಇನ್ನು ಕೆಲವೇ ದಿನ ಎಂದವರು.

ಅವಳು ಹಾಳೂರಿನ ದಿಬ್ಬಕ್ಕೆ ಹೋಗಿ ಅವರ ಮನೆಯ ಜಾಗದಲ್ಲಿ ಹಣತೆ ಹಚ್ಚಿದಳು. ದಿಬ್ಬ ಹತ್ತುವಾಗ ಎರಡು ಕಡೆ ಕೂತಳು. ಮಂಗಳವಾರ ಶಿವಮೊಗ್ಗಕ್ಕೆ ಹೋದೆವು. ಹೊಟ್ಟೆ ಕುಯ್ದು ನೋಡಿದ ಡಾಕ್ಟರಮ್ಮ ಏನನ್ನೂ ತೆಗೆಯದೆ ಮತ್ತೆ ಹೊಲಿದರು. ಎಲ್ಲ ಕಡೆ ಹರಡಿದೆ, ಮೊದಲು ಹೇಳಿದಾಗಲೇ ಯಾಕೆ ಬರಲಿಲ್ಲ ಎಂದು ನನ್ನನ್ನು ಕೇಳಿದರು. ನಾನು ಯುದ್ಧದ ವಿಷಯ ಹೇಳಲಿಲ್ಲ. ಓದಿದವರ ಮುಂದೆ ಅದನ್ನು ಹೇಗೆ ಹೇಳುವುದು... ಆಪರೇಷನ್ನಿನ ಹೊತ್ತಿಗೆ ಕರೆಂಟು ಹೋಗಿರಲಿಲ್ಲ.

ಮಾಘದಲ್ಲಿ ಮದುವೆ ನಡೆಯಿತು. ನಾನು ಹೋಗುವುದಿಲ್ಲ ಎಂದೆ. ಮಲಗಿದಲ್ಲಿಂದಲೇ ಅವಳು, “ಹೋಗಿ ಹಪ್ಪಳ ತಿಂದ್ ಬನ್ನಿ. ನಾವೇ ಅರೆದದ್ದು, ಚೆನ್ನಾಗಿ ಬಂದಿದ್ಯೋ ಇಲ್ವೋ ನೋಡ್ಬೇಕಲ್ಲ” ಎಂದು ಅಟ್ಟಿದಳು. ಕಡೂರಿನ ಮಂಟಪದಲ್ಲಿ ಎದುರಂಗಡಿಯವನು ರೇಷ್ಮೆ ಶಲ್ಯ ಹೊದ್ದು ಪಂಕ್ತಿಯಲ್ಲಿ ಓಡಾಡುತ್ತಿದ್ದ. ನನ್ನ ಎಲೆಗೆ ತಾನೇ ಹಪ್ಪಳ ಹಾಕಿಸಿದ.

“ತಂಗಿ ಬರ್ಲಿಲ್ವಾ?”

“ಮಲಗವಳೆ. ಏಳಕ್ಕಾಗಲ್ಲ.”

“ಅಯ್ಯೋ. ಎಲ್ಲಾ ಶಿವನಿಚ್ಛೆ ಕಣಪ್ಪಾ. ಕಾಲ ಕೆಟ್ಟೋಗದೆ” ಎಂದು ಮುಂದಿನ ಎಲೆಗೆ ಹೋದ.

ಹಪ್ಪಳ ಚೆನ್ನಾಗಿ ಬಂದಿತ್ತು. ಮನೆಗೆ ಬಂದು ಹೇಳಿದೆ. ಬರಲೇಬೇಕು, ಅರೆದೋರು ಯಾರು ಎಂದಳು. ಯುಗಾದಿಗೆ ಮೊದಲು ತೀರಿಕೊಂಡಳು. ಅವನು ಹೂವಿನ ಹಾರ ತಂದು ಹಾಕಿದ, ಅತ್ತ ಕೂಡ. ಆ ಅಳು ಸುಳ್ಳೆಂದು ಹೇಳಲಾರೆ. ಅವಳ ಸಾವಿಗೂ ತನ್ನ ಮಾತಿಗೂ ಸಂಬಂಧವಿದೆ ಎಂದು ತಿಳಿಯದೆ ಅತ್ತ ಅಳು ಅದು. ಆಮೇಲೂ ಅವನ ಮನೆಯ ಗೋಧಿ ನಮ್ಮ ಗಿರಣಿಗೇ ಬರುತ್ತಿತ್ತು. ನಾನು ಅರೆದು ಕೊಡುತ್ತಿದ್ದೆ. ಅವನ ಜೊತೆ ಮಾತಾಡಬಾರದೆಂದು ಅವನು ಬಂದಾಗಲೆಲ್ಲ ಮೋಟಾರು ಹಾಕಿಬಿಡುತ್ತಿದ್ದೆ.

ಆ ಯುದ್ಧ ಯಾವಾಗ ನಿಂತಿತೆಂದು ಯಾವ ಚಾನೆಲ್ಲೂ ಸರಿಯಾಗಿ ಹೇಳಲಿಲ್ಲ. ಮತ್ತೊಂದು ಶುರುವಾದಾಗ ಅದೇ ಕೆಂಪು ಅಕ್ಷರ, ಅದೇ ಕೋಟಿನವನು. ಕೂದಲಿಗೆ ಬಣ್ಣ ಹಾಕಿಸಿದ್ದಾನೆ. ಕಡೂರಿನ ಆ ಅಂಗಡಿಯಲ್ಲೂ ಮೊಬೈಲಿನಲ್ಲಿ ಅವನೇ ಅರಚುತ್ತಿದ್ದ. ನಿಂತವರು ಹಲ್ಲಿಗೆ ಕಡ್ಡಿ ಆಡಿಸುತ್ತ ನೋಡುತ್ತಿದ್ದರು. ನಾನು ಅಜ್ಜಂಪುರದ ಬಸ್ಸು ಹತ್ತಿ ಬಂದು ಮಧ್ಯಾಹ್ನ ಗಿರಣಿ ತೆಗೆದೆ. ಎದುರಿನ ಅಂಗಡಿಯಲ್ಲಿ ಈಗ ಕೋಳಿ ಮಾರುತ್ತಾರೆ. ಜನ ರಾಗಿ ತಂದರು, ಜೋಳ ತಂದರು. ಲೋಕ ಇದ್ದ ಹಾಗೆಯೇ ಇದೆ. ನನ್ನ ಹೆಂಡತಿ ಇಲ್ಲ.